ಸಾಕುನಾಯಿಗೆ ಲಸಿಕೆ: ಲಾಭವೆಷ್ಟು, ಅಪಾಯವೆಷ್ಟು?

ಸಾಕುನಾಯಿಗೆ ಲಸಿಕೆ ಹಾಕಿಸುವುದು ಉಚಿತವೋ ಅಲ್ಲವೋ ಎಂಬ ಚರ್ಚೆ ವಿದ್ಯಾವಂತರ ಮನೆಗಳಲ್ಲಿಯೂ ಕೇಳಿಬರುವುದುಂಟು. ಚುಚ್ಚುಮದ್ದಿನ ಅನಂತರ ನಾಯಿಯ ಮುಖ ಊದಿತು, ಜ್ವರ ಬಂದಿತು ಎಂಬ ಮಾತನ್ನು ಕೇಳಿ ಕೆಲವರು ಹಿಂಜರಿಯುತ್ತಾರೆ. ಅವರ ಶಂಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ವಿಜ್ಞಾನಕ್ಕೆ ಶೋಭಿಸದು. ಶಂಕೆಯನ್ನು ಅಳೆದು ನೋಡುವುದೇ ಅದರ ಮಾರ್ಗ.

ಅಂತಹ ಅಳತೆ ನಡೆದಿದೆ. ಅಮೆರಿಕದಲ್ಲಿ 2002 ಮತ್ತು 2003ರಲ್ಲಿ ಲಸಿಕೆ ಪಡೆದ ಸುಮಾರು 12 ಲಕ್ಷ ನಾಯಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಮೂರು ದಿನಗಳೊಳಗೆ ತೊಂದರೆ ಕಂಡುಬಂದದ್ದು 10,000ಕ್ಕೆ ಸುಮಾರು 38ರಲ್ಲಿ. ಹಗುರ ದೇಹದ ನಾಯಿಗಳಲ್ಲಿಯೂ, ಒಂದೇ ದಿನ ಹಲವು ಲಸಿಕೆಗಳನ್ನು ಪಡೆದವುಗಳಲ್ಲಿಯೂ ಈ ಪ್ರಮಾಣ ಅಧಿಕವಾಗಿತ್ತು. ಅಪಾಯವು ಅಲ್ಪವೇ ಹೊರತು ಶೂನ್ಯವಲ್ಲ.

ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡೋಣ. ಹುಚ್ಚುನಾಯಿ ರೋಗವೆಂದು ನಾವು ಕರೆಯುವ ರೇಬೀಸ್, ಲಕ್ಷಣಗಳು ತೋರಿದ ಮೇಲೆ ನಾಯಿಯನ್ನಾಗಲಿ ಮನುಷ್ಯನನ್ನಾಗಲಿ ಉಳಿಸುವುದಿಲ್ಲವೆಂದೇ ಹೇಳಬೇಕು. ಭಾರತದಲ್ಲಿ ಪ್ರತಿವರ್ಷವೂ ಸಾವಿರಾರು ಜನ ಇದಕ್ಕೆ ಬಲಿಯಾಗುತ್ತಾರೆ. ಅವರಲ್ಲಿ ಮಕ್ಕಳು ಅನೇಕರು. ಸನ್ನೆಯ ಮೇಲೆ ಭಾರದೊಡನೆ ಆಧಾರಬಿಂದುವಿನಿಂದ ಅದರ ದೂರವನ್ನೂ ಗುಣಿಸಬೇಕೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಬಲ್ಲರು. ಹಾಗೆಯೇ ಅಪಾಯವನ್ನು ತೂಗುವಾಗ, ಅದು ಎಷ್ಟು ಸಲ ಸಂಭವಿಸೀತು ಎಂಬುದನ್ನು, ಸಂಭವಿಸಿದರೆ ಎಷ್ಟು ಘೋರವಾದೀತು ಎಂಬುದರಿಂದ ಗುಣಿಸಬೇಕು. ಒಂದೆಡೆ ಬಹುಮಟ್ಟಿಗೆ ಚಿಕಿತ್ಸೆಗೆ ಒಗ್ಗುವ ಊತ, ವಾಂತಿ, ಜ್ವರ. ಇನ್ನೊಂದೆಡೆ ಖಚಿತವಾದ ಮರಣ.

ಈ ಲೆಕ್ಕ ಒಂದು ಮನೆಯದಷ್ಟೇ ಅಲ್ಲ. ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ದೊರೆತರೆ ರೋಗದ ಸರಪಣಿ ಕಡಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಪ ಅಪಾಯವನ್ನು ಹೊರುವುದು ನಮ್ಮ ನಾಯಿ. ರಕ್ಷಣೆ ದೊರೆಯುವುದು ಅದಕ್ಕೆ ಮಾತ್ರವಲ್ಲ, ಬೀದಿಯಲ್ಲಿ ಆಡುವ ಮಗುವಿಗೂ ಸಹ.

ಹಾಗೆಂದು ಎಲ್ಲ ಲಸಿಕೆಗಳನ್ನೂ ವರ್ಷವರ್ಷವೂ ಕಣ್ಣುಮುಚ್ಚಿ ಹಾಕಿಸಬೇಕೆಂದಲ್ಲ. ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳ ಲಸಿಕೆ ಮರಿಗಳಿಗೆ ಅತ್ಯವಶ್ಯ; ಆದರೆ ಅದನ್ನು ಕ್ರಮವಾಗಿ ಪಡೆದು ಬೆಳೆದ ನಾಯಿಯಲ್ಲಿ ರಕ್ಷಣೆ ಸಾಮಾನ್ಯವಾಗಿ ಮೂರು ವರ್ಷಗಳಿಗೂ ಮೀರಿ ನಿಲ್ಲುತ್ತದೆ. ಇಲಿಜ್ವರದ ಲಸಿಕೆಯ ಪ್ರಭಾವವಾದರೋ ಸುಮಾರು ಒಂದು ವರ್ಷದ್ದು. ಯಾವುದು ಬೇಕು, ಯಾವುದನ್ನು ಮುಂದೂಡಬಹುದು, ಚಿಕ್ಕ ನಾಯಿಗೆ ಬೇರೆ ಬೇರೆ ದಿನಗಳಲ್ಲಿ ಕೊಡಬಹುದೇ ಎಂದು ಪಶುವೈದ್ಯರನ್ನು ಕೇಳುವುದು ವಿವೇಕ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕಾದಿರುವುದೂ ಒಳ್ಳೆಯದು.

ಆದರೆ ರೇಬೀಸ್ ಲಸಿಕೆಯ ವಿಷಯದಲ್ಲಿ ಚೌಕಾಸಿ ಸಲ್ಲದು. ನಾಯಿಯನ್ನು ಸಾಕುವ ಹಕ್ಕಿನೊಡನೆ ನೆರೆಹೊರೆಯ ಹೊಣೆಯೂ ಬರುತ್ತದೆ.