ವಿಭೂತಿಯ ಬಿಳುಪು, ಮುಖದ ಬಣ್ಣ

ಕಳೆದ ಶ್ರಾವಣದಲ್ಲಿ ಪ್ರವಚನದ ನಿಮಿತ್ತ ನಾವು ಧಾರವಾಡ ಜಿಲ್ಲೆಯ ಶಲವಡಿಗೆ ಹೋಗಿದ್ದೆವು. ಪ್ರಸಾದವಾದ ಮೇಲೆ ಭಕ್ತರೊಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತಿರಲು, ಮನೆಯ ತಾಯಿ ಮಗಳ ಎರಡು ಭಾವಚಿತ್ರಗಳನ್ನು ತಂದು ನಮ್ಮ ಮುಂದಿಟ್ಟರು. ಎರಡೂ ಒಂದೇ ದಿನ, ಒಂದೇ ಮೊಬೈಲಿನಲ್ಲಿ ತೆಗೆದವು. "ಅಜ್ಜಾರ, ಬೀಗರ ಮನಿಗೆ ಇದರಾಗ ಯಾವ ಫೋಟೋ ಕಳಸೂಣ್ರಿ?" ಎಂದು ಕೇಳಿದರು.

ಒಂದರಲ್ಲಿ ಹುಡುಗಿ ನೀಲಿ ಸುಣ್ಣದ ಗೋಡೆಯ ಮುಂದೆ ನಿಂತಿದ್ದಳು, ಮುಖ ಹೊಂಬಣ್ಣವಾಗಿತ್ತು. ಇನ್ನೊಂದರಲ್ಲಿ ಕೆಂಪು ಇಳಕಲ್ ಸೀರೆಯೇ ಚಿತ್ರವನ್ನೆಲ್ಲ ತುಂಬಿತ್ತು. ಮುಖ ಬೂದಿ ಬಡಿದಂತೆ ಕಳೆಗುಂದಿತ್ತು. ನಮಗೆ ಚಹಾ ತಂದುಕೊಟ್ಟ ಮಗಳಾದರೋ ಎಣ್ಣೆಗೆಂಪು ಬಣ್ಣದವಳು. ಆಕೆ ಎರಡೂ ಚಿತ್ರಗಳಲ್ಲಿ ಇರಲಿಲ್ಲ! ಹಿಂದಿನ ವರ್ಷ ಹೊಂಬಣ್ಣದ ಚಿತ್ರವೊಂದನ್ನೇ ಕಳುಹಿಸಿದ್ದರಂತೆ. ಕನ್ಯೆ ನೋಡಲು ಬಂದವರು "ಫೋಟೋದಾಗ ಇದ್ದಂಗ ಇಲ್ಲ" ಎಂದು ಅಂಗಳದಲ್ಲಿಯೇ ಆಡಿಕೊಂಡು ಹೋದರಂತೆ. ಆ ಮಾತು ಹುಡುಗಿಯ ಕಿವಿಗೂ ಬಿದ್ದಿತ್ತು. ಯಂತ್ರದ ತಪ್ಪಿಗೆ ತಾಯಿ ಮಗಳು ಸುಳ್ಳುಗಾರರೆನಿಸಿದ್ದರು.

ಇದು ಒಂದು ಮನೆಯ ಕಥೆಯಲ್ಲವಾದ್ದರಿಂದ ಇದರ ಮೂಲವನ್ನು ತಿಳಿಯುವುದು ಲೇಸು. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗಿ, ಬಳಿಕ ಹಳದಿಯಾಗಿ, ಕಾವು ಏರಿದಂತೆ ಬೆಳ್ಳಗಾಗುತ್ತದೆ. ಇದೇ ತತ್ತ್ವದಿಂದ ವಿಜ್ಞಾನಿಗಳು ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮೇಣದ ಬತ್ತಿಯ ಬೆಳಕು ಸುಮಾರು 1900, ಹಳೆಯ ತಂತಿ ಬಲ್ಬಿನದು ಸುಮಾರು 2800, ನಡು ಮಧ್ಯಾಹ್ನದ ಬಿಸಿಲು ಸುಮಾರು 5500. ನೀಲಿ ಆಕಾಶದ ಕೆಳಗಿನ ನೆರಳಿನದು 7000ಕ್ಕೂ ಮಿಗಿಲು. ಮೊದಲನೆಯವು ಕೆಂಪು ಹಳದಿಗೆ, ಕಡೆಯದು ನೀಲಿಗೆ ಒಲಿದಿರುತ್ತವೆ. ಆದರೆ ದೀಪದ ಬೆಳಕಿನಲ್ಲಾಗಲಿ ನೆರಳಿನಲ್ಲಾಗಲಿ ಧೋತರ ನಮಗೆ ಬೆಳ್ಳಗೇ ಕಾಣುತ್ತದೆ. ಏಕೆಂದರೆ ನಮ್ಮ ಕಣ್ಣು ಮನಸ್ಸುಗಳು ಕೂಡಿ ಬೆಳಕಿನ ಬಣ್ಣವನ್ನು ಕಳೆದು ವಸ್ತುವಿನ ಬಣ್ಣವನ್ನು ಉಳಿಸಿಕೊಳ್ಳುತ್ತವೆ.

ಕ್ಯಾಮೆರಾಕ್ಕೆ ಈ ವಿವೇಕವಿಲ್ಲ; ಅದು ಊಹಿಸಬೇಕಾಗುತ್ತದೆ. ಈ ಊಹೆಗೆ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಎಂದು ಹೆಸರು. ಅದರ ಹಳೆಯ ಸೂತ್ರ ಸರಳವಾದುದು: ಚಿತ್ರದೊಳಗಿನ ಬಣ್ಣಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಬೂದು ಬಣ್ಣ ಬರಬೇಕು, ಬಾರದಿದ್ದರೆ ಬೆಳಕೇ ಬಣ್ಣಗೆಟ್ಟಿದೆ ಎಂದು ತಿಳಿದು ತಿದ್ದಬೇಕು. ಗೋಡೆಯ ನೀಲಿಯೇ ತುಂಬಿದಾಗ ಯಂತ್ರವು ಬೆಳಕು ನೀಲಿಯೆಂದು ಭ್ರಮಿಸಿ ಹಳದಿ ಕೆಂಪುಗಳನ್ನು ಹೆಚ್ಚಿಸಿತು, ಮುಖ ಹೊಂಬಣ್ಣವಾಯಿತು. ಸೀರೆಯ ಕೆಂಪೇ ತುಂಬಿದಾಗ ಕೆಂಪನ್ನು ತಗ್ಗಿಸಿತು. ಮುಖದ ಕಳೆಯೂ ಅದರೊಡನೆ ಇಳಿಯಿತು. ಈಗಿನ ಯಂತ್ರಗಳು ಮುಖವನ್ನು ಗುರುತಿಸುವಷ್ಟು ಜಾಣವಾಗಿವೆ, ಆದರೂ ಈ ಭ್ರಮೆ ಪೂರ್ತಿ ತೊಲಗಿಲ್ಲ.

ಇನ್ನೊಂದು ಸಂಗತಿಯುಂಟು. ಯಂತ್ರಕ್ಕೆ ಸರಿಯಾದ ಮೈಬಣ್ಣ ಯಾವುದೆಂದು ಕಲಿಸಿದವರು ಯಾರು? ಫಿಲ್ಮಿನ ಕಾಲದಲ್ಲಿ, 1950ರ ದಶಕದಿಂದ, ಅಮೆರಿಕೆಯ ಕೊಡಾಕ್ ಸಂಸ್ಥೆ ಫೋಟೋ ತೊಳೆಯುವ ಅಂಗಡಿಗಳಿಗೆ ಬಿಳಿಯ ಹೆಣ್ಣುಮಗಳೊಬ್ಬಳ ಚಿತ್ರವನ್ನು ಮಾದರಿಯಾಗಿ ಕಳುಹಿಸುತ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಎನ್ನುತ್ತಿದ್ದರು. ಆಕೆಯ ಮುಖ ಸರಿಬಂದರೆ ಬಣ್ಣ ಸರಿ ಎಂಬುದು ರೂಢಿ. ಬೇರೆ ಬೇರೆ ಮೈಬಣ್ಣದವರಿದ್ದ ಮಾದರಿಗಳು ಬಂದುದು 1990ರ ದಶಕದಲ್ಲಿ. ಡಿಜಿಟಲ್ ಯುಗದಲ್ಲಿಯೂ ಈ ಕೊರತೆ ಮುಂದುವರಿದುದರಿಂದಲೇ 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನಿನಲ್ಲಿ ಕಪ್ಪು, ಕಂದು ಮೈಬಣ್ಣಗಳಿಗಾಗಿ ವಿಶೇಷ ತಿದ್ದುಪಡಿ ತಂದಿತು. 2022ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್ಲಿಸ್ ಮಂಕ್ ಅವರು ರೂಪಿಸಿದ 10 ಮೈಬಣ್ಣಗಳ ಮಾಪಕವೂ ಪ್ರಕಟವಾಯಿತು. ಎಣ್ಣೆಗೆಂಪು, ಸಾದಗಪ್ಪು, ಗೋಧಿ ಬಣ್ಣ ಎಂದು ನಮ್ಮ ಹಿರಿಯರು ಕಣ್ಣಿನಿಂದಲೇ ಬೇರ್ಪಡಿಸಿ ಹೆಸರಿಟ್ಟುದನ್ನು ಯಂತ್ರವು ಈಗ ಕಲಿಯತೊಡಗಿದೆ.

ನಾವು ಆ ತಾಯಿಗೆ, "ಮುಖ ಬಿಡವ್ವ, ಮಗಳ ಹಣಿಮ್ಯಾಲಿನ ವಿಭೂತಿ ನೋಡು" ಎಂದೆವು. ಒಂದರಲ್ಲಿ ವಿಭೂತಿ ಅರಿಸಿನ ಕಲಸಿದಂತಿತ್ತು. ಇನ್ನೊಂದರಲ್ಲಿ ನೀಲಿ ಬೆರೆತಂತಿತ್ತು. ವಿಭೂತಿ ಅಚ್ಚ ಬಿಳುಪಲ್ಲದಿರಬಹುದು. ಆದರೆ ಅದು ಅರಿಸಿನವೂ ಅಲ್ಲ, ನೀಲಿಯೂ ಅಲ್ಲ. ಅದರ ಬಣ್ಣ ಕೆಟ್ಟಿದ್ದರೆ ಅದರ ಕೆಳಗಿನ ಮುಖದ ಬಣ್ಣವೂ ಸುಳ್ಳೆಂದೇ ತಿಳಿಯಬೇಕು. ಬಟ್ಟೆಯನ್ನು ನಂಬಲಾಗದು, ಅದಕ್ಕೆ ನೀಲಿ ಹಾಕಿರುತ್ತಾರೆ.

ಮರುದಿನ ಮುಂಜಾನೆ ಹುಡುಗಿಯ ತಮ್ಮನಿಂದ ಮೂರನೆಯ ಚಿತ್ರ ತೆಗೆಯಿಸಿದೆವು. ಬಣ್ಣದ ಗೋಡೆಯಿಂದ ದೂರ, ಅಂಗಳದ ನೆರಳಿನಲ್ಲಿ ಅಕ್ಕನನ್ನು ನಿಲ್ಲಿಸಿದನು. ಒಂದು ಕಡೆಯಿಂದ ಬಲ್ಬು, ಒಂದು ಕಡೆಯಿಂದ ಬಾಗಿಲ ಬೆಳಕು ಬೀಳುವ ಪಡಸಾಲೆ ಬೇಡವೆಂದೆವು. ಯಂತ್ರವು ಎರಡು ಬೆಳಕುಗಳಲ್ಲಿ ಒಂದನ್ನು ಮಾತ್ರ ತಿದ್ದಬಲ್ಲದು. ವೈಟ್ ಬ್ಯಾಲೆನ್ಸನ್ನು ಸ್ವಯಂಚಾಲಿತದಿಂದ ತೆಗೆದು ನೆರಳಿನ ಗುರುತಿಗೆ ಇಟ್ಟನು. ಮುಖವನ್ನು ಬೆಳ್ಳಗೆ ಮಾಡುವ ಸೌಂದರ್ಯದ ಫಿಲ್ಟರನ್ನೂ ತೆಗೆಸಿದೆವು. ಈ ಸಲ ವಿಭೂತಿ ವಿಭೂತಿಯಂತೆ ಬಂದಿತು. ಎಣ್ಣೆಗೆಂಪು ಎಣ್ಣೆಗೆಂಪಾಗಿಯೇ ಬಂದಿತು. ಹುಡುಗಿ ಅದನ್ನು ಬಹಳ ಹೊತ್ತು ನೋಡಿ, "ಇದು ನಾನ ಅದೀನ್ರಿ, ಇದನ್ನ ಕಳಸ್ರಿ" ಎಂದಳು. ತಾಯಿ ಅರೆಮನಸ್ಸಿನಿಂದಲೇ ಒಪ್ಪಿದರು.

ಬೀಗರ ಉತ್ತರ ನಾವು ಇದನ್ನು ಬರೆಯುವವರೆಗೆ ಬಂದಿಲ್ಲ. ಬರಲಿ, ಬಾರದಿರಲಿ, ಈ ಬಾರಿ ಆ ಮನೆಯವರ ಮೇಲೆ ಸುಳ್ಳಿನ ಹೊರೆಯಿಲ್ಲ. ಶರಣಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಕನ್ಯೆಯ ಚಿತ್ರ ಕೈಗೆ ಬಂದಾಗ ಬಣ್ಣದ ಮೇಲೆ ತೀರ್ಪು ಕೊಡಬೇಡಿ. ಆ ಬಣ್ಣ ಬಹುಮಟ್ಟಿಗೆ ಯಂತ್ರದ ಊಹೆ. ಚಿತ್ರದಂತಿಲ್ಲವೆಂದು ಹುಡುಗಿಯನ್ನು ನೋಯಿಸುವ ಮೊದಲು, ಹುಡುಗಿಯಂತೆ ಚಿತ್ರವಿದೆಯೇ ಎಂದು ವಿಚಾರಿಸಿರಿ. ಬಿಳಿಯ ಬಣ್ಣದ ಕನ್ಯೆಯೇ ಬೇಕೆಂದು ಕೇಳುವ ಮನೆಗಳು, ಆ ಬಿಳುಪನ್ನು ಅಳೆಯುವ ಮಾದರಿ ಎಲ್ಲಿಂದ ಬಂದಿತೆಂದು ಒಮ್ಮೆ ಆಲೋಚಿಸಲಿ.