ಮೌಸ್ ಯಾರ ಕೈಯಲ್ಲಿ?

ಮೂರನೇ ತರಗತಿಯಿಂದಲೇ ಕೃತಕ ಬುದ್ಧಿಮತ್ತೆಯ ಪಾಠವನ್ನು 2026-27ನೇ ಸಾಲಿನಿಂದ ಆರಂಭಿಸುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ನಾವು ಸ್ವಾಗತಿಸುತ್ತೇವೆ. ಆದರೆ ಸಚಿವಾಲಯದ್ದೇ ವರದಿಯಂತೆ 2024-25ರಲ್ಲಿ ಕಂಪ್ಯೂಟರ್ ಸೌಲಭ್ಯವಿದ್ದದ್ದು ದೇಶದ ಶೇ. 64.7 ಶಾಲೆಗಳಲ್ಲಿ ಮಾತ್ರ.

ಯಂತ್ರಗಳನ್ನು ನಾಳೆ ಕೊಳ್ಳಬಹುದು, ಕಲಿಸುವವರು ಯಾರು? ನಮ್ಮ ರಾಜ್ಯ ಇದರಲ್ಲಿ ಒಮ್ಮೆ ಎಡವಿದೆ. 2000ರ ದಶಕದ ಆರಂಭದಲ್ಲಿ 'ಮಾಹಿತಿ ಸಿಂಧು' ಯೋಜನೆಯಡಿ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದಾಗ ಕಲಿಸುವ ಹೊಣೆಯನ್ನು ಖಾಸಗಿ ಕಂಪೆನಿಗಳಿಗೆ ವಹಿಸಲಾಯಿತು. ಶಾಲೆಯ ಶಿಕ್ಷಕರು ಬಾಗಿಲ ಹೊರಗೇ ಉಳಿದರು. ಗುತ್ತಿಗೆ ಮುಗಿದ ಮೇಲೆ ಹಲವೆಡೆ ಲ್ಯಾಬ್‌ಗೆ ಬೀಗ. ಅದೇ ಹೊತ್ತಿಗೆ ತಲಪಾಡಿ ಗಡಿಯಾಚೆ ಕೇರಳದ 'ಐಟಿ ಅಟ್ ಸ್ಕೂಲ್' ಯೋಜನೆ ಶಾಲೆಯ ಶಿಕ್ಷಕರನ್ನೇ ತಯಾರು ಮಾಡಿತು, ಅವರಲ್ಲೇ ಕೆಲವರನ್ನು ತರಬೇತುದಾರರನ್ನಾಗಿಸಿತು.

ಒಂದು ಕಂಪ್ಯೂಟರಿನ ಮುಂದೆ ಐದು ಮಕ್ಕಳು ಕುಳಿತರೆ, ನಾವು ಕಂಡಂತೆ, ಮೌಸ್ ಹಿಡಿಯುವುದು ಮನೆಯಲ್ಲಿ ಕಂಪ್ಯೂಟರ್ ಇರುವ ಮಗುವೇ. ಅದನ್ನು ಮೀನುಗಾರರ ಮಗಳ ಕೈಗೂ ದಾಟಿಸಬೇಕಾದವರು ಟೀಚರ್. ಅವರಿಗೇ ಮೌಸ್ ಹಿಡಿಯಲು ಅಂಜಿಕೆಯಿದ್ದರೆ? ಮೊಬೈಲಿನಲ್ಲಿ ವಿಡಿಯೋ ನೋಡಿ ಪ್ರಮಾಣಪತ್ರ ಪಡೆಯುವ ತರಬೇತಿಯಿಂದ ಆ ಅಂಜಿಕೆ ಹೋಗದು. ತಮ್ಮ ಶಾಲೆಯ ಕಂಪ್ಯೂಟರಿನಲ್ಲೇ, ಕನ್ನಡದಲ್ಲೇ ಕೈ ಪಳಗಿಸಿಕೊಳ್ಳಲು ಅವರಿಗೆ ಸಮಯ ಬೇಕು. 2025ರ ದಸರಾ ರಜೆಯನ್ನೂ ರಾಜ್ಯದ ಸಾವಿರಾರು ಶಿಕ್ಷಕರು ಕಳೆದದ್ದು ಮನೆಮನೆ ಸಮೀಕ್ಷೆಯಲ್ಲಿ.