ಗೋಡೆಯೊಳಗಿನ ಹಳೇ ಟಿವಿ ಕೇಬಲ್‌ಗೆ ಇನ್ನೂ ಕೆಲಸ ಇದೆ, ಆದ್ರೆ ವಠಾರದಲ್ಲಿ ಜೋಪಾನ

ಬಿಡದಿ: ಇಲ್ಲಿ ಎಐ ಸಿಟಿ ಕಟ್ತೀವಿ ಅಂತಿದೆ ಸರ್ಕಾರ. ಜಮೀನು ಬಿಟ್ಟುಕೊಡಲ್ಲ ಅಂತ ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ರೈತರು ಹೋರಾಟಕ್ಕಿಳಿದಿದ್ದಾರೆ. ಆ ಗದ್ದಲದ ನಡುವೆ ಕೈಗಾರಿಕಾ ಪ್ರದೇಶದ ಸುತ್ತಲಿನ ಬಾಡಿಗೆ ಮನೆಗಳ ತಕರಾರು ಸಣ್ಣದು ಅನ್ನಿಸಬಹುದು. ಹಾಲ್‌ನಲ್ಲಿ ಫುಲ್ ಸಿಗೋ ವೈಫೈ ಹಿಂದಿನ ರೂಮಿಗೆ ಬರಲ್ಲ. ಆದ್ರೆ ನೈಟ್ ಶಿಫ್ಟ್ ಮುಗಿಸಿದವರು ಹಗಲು ಹಾಲ್‌ನಲ್ಲೇ ಮಲಗೋ ಮನೆಯಲ್ಲಿ ಮಕ್ಕಳು ಆನ್‌ಲೈನ್ ಪಾಠ ಎಲ್ಲಿ ಕೂತು ನೋಡಬೇಕು?

1999ರ ಕೊನೆಯಲ್ಲಿ ಟೊಯೋಟಾ ಕಾರ್ಖಾನೆ ಉತ್ಪಾದನೆ ಶುರು ಮಾಡಿದ ಕಾಲಕ್ಕೆ ಟಿವಿ ಅಂದ್ರೆ ಕೇಬಲ್. ಹಾಗಾಗಿ ಆಗ ಕಟ್ಟಿದ ಮನೆಗಳಲ್ಲಿ ರೂಮಿಂದ ರೂಮಿಗೆ ದಪ್ಪನೆ ಕೋಆಕ್ಸಿಯಲ್ ವೈರ್ ಎಳೆದಿರೋದುಂಟು. ಈಗ ಮನೆ ಬಾಗಿಲಿಗೆ ಫೈಬರ್ ಬಂದಿದೆ, ಹಳೇ ವೈರ್ ಗೋಡೆಯೊಳಗೇ ಉಳಿದಿದೆ.

ಅದರಲ್ಲೇ ಇಂಟರ್ನೆಟ್ ಹರಿಸುವ ತಂತ್ರಜ್ಞಾನದ ಹೆಸರು ಮೋಕಾ. ಅಮೆರಿಕದ ಮನೆಗಳಲ್ಲಿ ಇದು ಹೊಸದೇನಲ್ಲ. ರೂಟರ್ ಪಕ್ಕ ಒಂದು ಬಾಕ್ಸ್, ಹಿಂದಿನ ರೂಮಿನಲ್ಲಿ ಇನ್ನೊಂದು, ನಡುವೆ ಅದೇ ಹಳೇ ವೈರ್. ಮೋಕಾ 2.5 ಬಾಕ್ಸ್‌ಗಳ ವೇಗ ಕಾಗದದ ಮೇಲೆ 2.5 ಜಿಬಿಪಿಎಸ್. ಆದ್ರೆ ಪ್ಲಾನ್ 100 ಎಂಬಿಪಿಎಸ್ ಇದ್ರೆ ಸಿಗೋದು ಅಷ್ಟೇ, ಬಾಕ್ಸ್ ಅದನ್ನ ಹೆಚ್ಚು ಮಾಡಲ್ಲ.

ಎಡವಟ್ಟಾಗೋದು ಬೇರೆ ಕಡೆ. ಮನೆಗಳಲ್ಲಿ ಸಾಮಾನ್ಯವಾಗಿ ಬಳಸೋ ಮೋಕಾ ಸಿಗ್ನಲ್ 1125ರಿಂದ 1675 ಮೆಗಾಹರ್ಟ್ಸ್ ನಡುವೆ ಓಡುತ್ತೆ. ಕೇಬಲ್ ಟಿವಿ ಚಾನೆಲ್‌ಗಳು ಅದಕ್ಕಿಂತ ಕೆಳಗಿರೋದ್ರಿಂದ ಎರಡೂ ಒಂದೇ ವೈರ್‌ನಲ್ಲಿ ಸಾಗ್ತವೆ. ಡಿಶ್ ಹಾಕಿಸಿದವರ ಕತೆ ಬೇರೆ. ಡಿಶ್‌ನಿಂದ ಇಳಿಯೋ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್, ಹಾಗಾಗಿ ಆ ವೈರ್‌ಗೆ ಈ ಬಾಕ್ಸ್ ಸಿಕ್ಕಿಸಿದ್ರೆ ಎರಡೂ ಡಿಕ್ಕಿ ಹೊಡೀತವೆ. ಸಜ್ಜಾ ಮೇಲಿನ ಹಳೇ ಸ್ಪ್ಲಿಟರ್ ಮೇಲೆ 5-1000 ಅಂತ ಬರೆದಿದ್ರೆ ಅದನ್ನೂ ಬದಲಾಯಿಸಬೇಕು.

ವಠಾರದಲ್ಲಿ ಇನ್ನೊಂದು ಅಪಾಯ. ಒಂದೇ ಕೇಬಲ್ ಲೈನ್ ಒಡೆದು ನಾಲ್ಕಾರು ಮನೆಗೆ ಕೊಟ್ಟಿರ್ತಾರೆ. ಒಬ್ಬರ ಮೋಕಾ ಸಿಗ್ನಲ್ ಅದೇ ದಾರಿಯಲ್ಲಿ ಪಕ್ಕದ ಮನೆಗೂ ಹೋಗಬಹುದು. ಪಾಸ್‌ವರ್ಡ್ ಹಾಕದಿದ್ರೆ ಪಕ್ಕದವರ ಬಾಕ್ಸ್ ನಿಮ್ಮ ನೆಟ್‌ವರ್ಕ್‌ಗೇ ಸೇರಿಕೊಳ್ಳಬಹುದು. ಮನೆಯೊಳಗೆ ಲೈನ್ ಬರೋ ಜಾಗದಲ್ಲಿ ಮೋಕಾ ಫಿಲ್ಟರ್ ಹಾಕಬೇಕು. ಕೇಬಲ್ ಟಿವಿ ನೋಡದವರು ಆಪರೇಟರ್‌ಗೆ ಹೇಳಿ ಹೊರಗಿನ ಲೈನ್ ಕಳಚಿಸಿಬಿಟ್ರೆ ಇನ್ನೂ ಸಲೀಸು.

ಇಷ್ಟೆಲ್ಲ ಸರ್ಕಸ್ ಎಲ್ಲರಿಗೂ ಬೇಕಾ ಅಂದ್ರೆ, ಬೇಡ. ವೈರ್ ಪೈಪ್‌ನೊಳಗಿದ್ರೆ ಅದಕ್ಕೇ ಕ್ಯಾಟ್-6 ಕಟ್ಟಿ ಎಳೆಯೋದು ಅಗ್ಗ, ಬಾಳಿಕೆಯೂ ಜಾಸ್ತಿ. ಪೈಪ್ ಇದೆಯಾ ಅಂತ ನೋಡೋಕೆ ಒಬ್ಬರು ಈ ತುದಿ ಮೆಲ್ಲಗೆ ಎಳೆಯಲಿ. ಆ ತುದಿ ಅಲ್ಲಾಡಿದ್ರೆ ಹೊಸ ವೈರ್ ಹೋಗುತ್ತೆ. ಪ್ಲಾಸ್ಟರ್‌ನಲ್ಲಿ ಮುಚ್ಚಿಹೋಗಿ ಜಗ್ಗದಿದ್ರೆ ಆಗ ಮೋಕಾ.

ಕ್ಯಾಟ್-6 ಖರ್ಚನ್ನ ಬಾಡಿಗೆದಾರರ ತಲೆಗೆ ಕಟ್ಟೋದು ಸರಿಯಲ್ಲ, ಅದು ಮನೆ ಜೊತೇಲೇ ಉಳಿಯೋ ಆಸ್ತಿ, ಓನರ್ ಹಾಕಿಸಬೇಕು. ಮೋಕಾ ಬಾಕ್ಸ್ ಹಾಗಲ್ಲ. ಕಾಂಟ್ರ್ಯಾಕ್ಟ್ ಮುಗಿದು ಮನೆ ಖಾಲಿ ಮಾಡೋ ದಿನ ಕಳಚಿ ಬ್ಯಾಗಿಗೆ ಹಾಕ್ಕೊಂಡು ಹೋಗಬಹುದು.